ಧಾರವಾಡದ ಕಸೂತಿ ಪ್ರದರ್ಶನಕ್ಕೆ ಹೊರಟಿದ್ದೀರಾ? ಗೆಳತಿಯನ್ನೂ ಕರೆದೊಯ್ಯಿರಿ, ಸೀರೆಯ ಬೆನ್ನು ನೋಡಿ

ಕಸೂತಿ ಪ್ರದರ್ಶನಕ್ಕೆ ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಮೇಲು. ಹರಟೆಗೆ ಜೊತೆ ಬೇಕೆಂದಲ್ಲ, ಸೀರೆಯ ಸೆರಗನ್ನು ನೆಲಕ್ಕೆ ತಾಗದಂತೆ ಪೂರ್ತಿ ಬಿಡಿಸಿ ಹಿಡಿಯಲು ನಾಲ್ಕು ಕೈ ಬೇಕು. ಒಬ್ಬರು ಮುಂಭಾಗ ನೋಡುವಾಗ ಇನ್ನೊಬ್ಬರು ಹಿಂಭಾಗ ನೋಡಬೇಕು. ಮುಂಭಾಗವನ್ನು ಯಾರು ಬೇಕಾದರೂ ಚೆಂದ ಮಾಡಿ ತೋರಿಸುತ್ತಾರೆ. ಕಸೂತಿಯ ನಿಜವಾದ ಬೆಲೆ ಗೊತ್ತಾಗುವುದು ಬೆನ್ನಿನಲ್ಲಿ.

ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅನುಕೂಲ, ಬೆಳಗಾಗುವ ಹೊತ್ತಿಗೆ ಧಾರವಾಡ ಭಾಗದಲ್ಲಿ ಇರುತ್ತೀರಿ. ವಂದೇ ಭಾರತ್ ಬೇಗ ಮುಟ್ಟಿಸುತ್ತದೆ ನಿಜ, ಆದರೆ ಬೆಳಗಿನ ಗಾಡಿ ಧಾರವಾಡ ತಲುಪುವಾಗ ಮಧ್ಯಾಹ್ನ. ನೋಡುವುದಕ್ಕೆ ಒಳ್ಳೆಯ ಬೆಳಕಿನ ಅರ್ಧ ಹೊತ್ತು ಹಾದಿಯಲ್ಲೇ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಇಳಿದವರು ಆಟೊ, ಟ್ಯಾಕ್ಸಿ ಎನ್ನದೆ ಚಿಗರಿ ಬಸ್ ಹತ್ತಿ. ಸುಮಾರು 20 ಕಿಲೋಮೀಟರ್ ದಾರಿ. ರಸ್ತೆಯ ನಡುವೆಯೇ ಅದಕ್ಕೆ ಬೇರೆ ಪಥವಿದೆ, ಹತ್ತುವ ನಿಲ್ದಾಣವೂ ರಸ್ತೆಯ ನಡುವೆಯೇ. ಹೊಸಬರು ಪಕ್ಕದ ಫುಟ್‌ಪಾತ್ ಮೇಲೆ ನಿಂತು ಬಸ್ಸುಗಳು ಹಾದುಹೋಗುವುದನ್ನು ನೋಡುತ್ತಿರುತ್ತಾರೆ. ಊರೊಳಗೆ ಮೇಳಗಳು ಕಲಾಭವನ, ಕಡಪಾ ಮೈದಾನದ ಕಡೆ ನಡೆಯುವುದುಂಟು. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬಂದವರು ಅಲ್ಲಿನ ಮಳಿಗೆಗಳ ಸಾಲನ್ನೂ ಒಮ್ಮೆ ಸುತ್ತಿ ಬರಬಹುದು, ಕೈಕೆಲಸದವರು ಕಂಡರೆ ಕಂಡರು.

ಬಾಗಿಲು ತೆರೆದ ಮೊದಲ ಎರಡು ತಾಸು ಒಳ್ಳೆಯದು. ಟ್ಯೂಬ್‌ಲೈಟಿನಡಿ ಚಂದ್ರಕಾಳಿ ಸೀರೆಯ ಕಪ್ಪು ನೆಲದ ಮೇಲೆ ಕೆಂಪು, ಕುಂಕುಮ, ನೇರಳೆ ಎಳೆಗಳು ಒಂದರಲ್ಲೊಂದು ಬೆರೆತು ಕಾಣುತ್ತವೆ. ಮನಸ್ಸಿಗೆ ಬಂದ ಸೀರೆಯನ್ನು ಕೇಳಿಕೊಂಡು ಬಾಗಿಲ ಬೆಳಕಿಗೆ ತನ್ನಿ; ಯಾರೂ ಬೇಡ ಎನ್ನುವುದಿಲ್ಲ. ಭಾನುವಾರ ಸಂಜೆ ಮಾತ್ರ ಬೇಡ. ಆ ಗದ್ದಲದಲ್ಲಿ ಸೀರೆ ಬಿಡಿಸಿ ತೋರಿಸುವಷ್ಟು ಪುರುಸೊತ್ತು ಮಳಿಗೆಯವರಿಗೂ ಇರುವುದಿಲ್ಲ. ಚೀಲದಲ್ಲಿ ಒಂದು ಚಿಕ್ಕ ಭೂತಗನ್ನಡಿ, ಅಳತೆ ಟೇಪು, ಬಿಳಿ ಕರವಸ್ತ್ರ, ಸ್ವಲ್ಪ ನಗದು ಇರಲಿ. ಜನ ಸೇರಿದಲ್ಲಿ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ, ಹಣ ಹೋಗಿಯೂ ಹೋಗದಂತೆ ನಡುವೆ ಸಿಕ್ಕಿಕೊಳ್ಳುತ್ತದೆ.

ಈಗ ನೋಡುವ ಬಗೆ. ಕಸೂತಿಯಲ್ಲಿ ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿ ಎಂದರೆ ಗೆರೆಯ ಹೊಲಿಗೆ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರಗಿಯೂ ಹೀಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇವೆರಡೂ ಹಿಂದೆ ಮುಂದೆ ಒಂದೇ ರೀತಿ ಕಾಣಬೇಕು. ನೇಗಿ ನೇಯ್ದಂತೆ ಕಾಣುತ್ತದೆ. ಮುಂದೆ ಬಣ್ಣವಿದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ಬಣ್ಣ. ಮೆಂತಿ ಅಡ್ಡಗುಣಿಸಿನ ಹೊಲಿಗೆ, ತೂಕ ಹೆಚ್ಚು, ದಾರ ಹೆಚ್ಚು. ಬೆನ್ನು ಬೇರೆಯಾಗಿದ್ದರೆ ಅದು ತಪ್ಪಲ್ಲ. ಆದ್ದರಿಂದ ಎದುರಿಗಿರುವುದು ಯಾವ ಹೊಲಿಗೆ ಎಂದು ತಿಳಿಯದೆ, ‘ಹಿಂದೆ ಒಂದೇ ತರಹ ಇಲ್ಲವಲ್ಲ’ ಎಂದು ಹೊಲಿದವರ ಮೇಲೆ ದೂರು ಹೇಳಬೇಡಿ.

ಗವಂತಿಯಲ್ಲಿ ತೇರೋ ಗೋಪುರವೋ ಇದ್ದರೆ ಅದರ ಕವಲುಗಳನ್ನು ಗಮನಿಸಿ. ಪ್ರತಿ ಕವಲಿಗೂ ಹೋಗಿ ಮರಳಿ ಬಂದೇ ಮುಖ್ಯ ಗೆರೆ ಮುಂದುವರಿಯಬೇಕು. ಒಂದು ಕವಲು ಮರೆತರೆ ಹಿಂದಿನಿಂದ ದಾರ ಹಾರಿಸದೆ ದಾರಿಯಿಲ್ಲ, ಆ ಹಾರಿದ ಎಳೆ ಬಳೆಗೋ ಉಂಗುರಕ್ಕೋ ಸಿಕ್ಕು ಕಿತ್ತುಬರುತ್ತದೆ. ಗಂಟೂ ಇರಬಾರದು. ಮೊದಲ ತುದಿಯನ್ನು ಬಿಟ್ಟು, ಮರಳುವ ಹೊಲಿಗೆಯೊಳಗೆ ಅಡಗಿಸುವುದು ಪದ್ಧತಿ. ಗಂಟು ಹಾಕಿದ ಕೆಲಸ ಅಂಗಡಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಕೆಲವು ಒಗೆತದ ಮೇಲೆ ಸಡಿಲ ನೇಯ್ಗೆಯ ಕಣ್ಣಿನಿಂದ ಗಂಟು ನುಸುಳಿ ಸಾಲೇ ಬಿಚ್ಚಿಕೊಳ್ಳುತ್ತದೆ. “ಅಕ್ಕಾರ, ಒಂದೀಟು ಹಿಂದಿನ ಮಗ್ಗಲಾ ತೋರಸ್ರಿ” ಎಂದರೆ ಸಾಕು. ಕೆಲಸ ಚೆನ್ನಾಗಿದ್ದವರು ತಾವೇ ಮಗುಚಿ ತೋರಿಸುತ್ತಾರೆ.

ಯಂತ್ರದ ಕೆಲಸವನ್ನೂ ಬೆನ್ನೇ ಬಯಲು ಮಾಡುತ್ತದೆ. ಕೆಳಗಿನ ಬಾಬಿನ್ ದಾರ ಬೇರೆ ಬಣ್ಣದ್ದು, ಹೆಚ್ಚಾಗಿ ಬಿಳಿ, ಚಿತ್ತಾರದ ಹಿಂದೆ ಕಾಗದದಂಥ ಒತ್ತುಬಟ್ಟೆ ಉಳಿದಿರುತ್ತದೆ, ಮುಟ್ಟಿದರೆ ಬಿರುಸು. ಭೂತಗನ್ನಡಿ ಹಿಡಿದರೆ ಸೂಜಿ ಬಟ್ಟೆಯ ಎಳೆಗಳನ್ನೇ ಚುಚ್ಚಿಕೊಂಡು ಹೋದದ್ದು ಕಾಣುತ್ತದೆ. ಕೈ ಕಸೂತಿಯಲ್ಲಿ ಎಳೆ ಎಣಿಸಿ ಎಳೆಗಳ ನಡುವೆ ಸೂಜಿ ಇಳಿಸಿರುತ್ತಾರೆ. ಯಂತ್ರದ್ದನ್ನು ಯಂತ್ರದ ಬೆಲೆಗೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಕೈಕೆಲಸದ ಬೆಲೆ ಕೊಡುವುದಷ್ಟೇ ತಪ್ಪು. ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಮಳಿಗೆಯ ಬ್ಯಾನರಿನಲ್ಲಿ ಆ ಮಾತು ಇದ್ದ ಮಾತ್ರಕ್ಕೆ ಒಳಗಿನ ಪ್ರತಿ ಸೀರೆಯೂ ಕೈಯದ್ದೆಂದು ನಂಬಬೇಡಿ.

ರೇಷ್ಮೆಗೆ ಬಂದರೆ ಪರೀಕ್ಷೆ ಬೇರೆ. ಇಳಕಲ್ ಹತ್ತಿಯ ಮೈಯಲ್ಲಿ ಎಳೆ ಎಣಿಸಬಹುದು. ನುಣುಪು ರೇಷ್ಮೆಯಲ್ಲಿ ಕಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಮೇಲೆ ಕ್ಯಾನ್ವಾಸ್ ಬಟ್ಟೆಯನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿ, ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆ ಬಿಗಿಯಾಗಿದ್ದರೆ ಕ್ಯಾನ್ವಾಸಿನ ಎಳೆ ಹೊರಗೆ ಬರುವುದಿಲ್ಲ, ತುಂಡು ತುಂಡಾಗಿ ಒಳಗೇ ಉಳಿಯುತ್ತದೆ. ಸಡಿಲವಾಗಿದ್ದರೆ ಕ್ಯಾನ್ವಾಸ್ ಹೋದ ಮೇಲೆ ಹೊಲಿಗೆ ಜೋತುಬೀಳುತ್ತದೆ. ಉಗುರಿನಿಂದ ಹೊಲಿಗೆಯನ್ನು ಮೆಲ್ಲಗೆ ಎಬ್ಬಿಸಿ ನೋಡಿ: ಎದ್ದು ನಿಂತರೆ ಸಡಿಲ, ಸುತ್ತಲಿನ ಬಟ್ಟೆಯೂ ಸುಕ್ಕುಗಟ್ಟಿದ್ದರೆ ಬಿಗಿ.

ಚಿತ್ತಾರದ ಹಂಚಿಕೆಯನ್ನೂ ನೋಡಿ. ಹಳೆಯ ಕ್ರಮದಲ್ಲಿ ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಆನೆ; ಅಲ್ಲಿಂದ ದೂರ ಹೋದಂತೆ ಚಿತ್ತಾರ ಚಿಕ್ಕದಾಗುತ್ತದೆ. ಒಂದೇ ಅಳತೆಯ ನವಿಲು ಸೀರೆಯುದ್ದಕ್ಕೂ ಸಾಲುಗಟ್ಟಿದ್ದರೆ ಅದು ಹೊಸ ಅಭಿರುಚಿ. ಕೆಟ್ಟದ್ದಲ್ಲ, ಆದರೆ ‘ಅಜ್ಜಿ ಕಾಲದ ವಿನ್ಯಾಸ’ ಎಂಬ ಮಾರಾಟದ ಮಾತು ಅದಕ್ಕೆ ಹೊಂದುವುದಿಲ್ಲ. ಅಂಚಿನ ಸಾಲು ಮೂಲೆಗೆ ಬಂದು ಅರ್ಧ ಚಿತ್ತಾರದಲ್ಲಿ ನಿಂತಿದೆಯೇ? ಹಾಗಾದರೆ ಎಣಿಕೆ ಎಲ್ಲೋ ತಪ್ಪಿದೆ. ಪಳಗಿದವರು ನಡುವಿನಿಂದ ಶುರು ಮಾಡಿ ಎರಡೂ ಕಡೆ ಸಮವಾಗಿ ಹೊಂದಿಸುತ್ತಾರೆ.

ಬೆಲೆ ಕೇಳುವ ಮೊದಲು ಎಷ್ಟು ದಿನದ ಕೆಲಸ ಎಂದು ಕೇಳಿ. ಸೀರೆಯ ಬೆಲೆ, ದಾರದ ಬೆಲೆ ಬಿಟ್ಟು ಉಳಿದದ್ದನ್ನು ಆ ದಿನಗಳಿಗೆ ಭಾಗಿಸಿ ನೋಡಿದರೆ ಚೌಕಾಸಿ ಮಾಡುವ ಮನಸ್ಸು ಬಹಳ ಸಲ ತಾನಾಗಿಯೇ ತಣ್ಣಗಾಗುತ್ತದೆ. ತೀರಾ ಅಗ್ಗವಾಗಿ ಕಂಡರೆ ಮತ್ತೊಮ್ಮೆ ಬೆನ್ನು ನೋಡಿ. ಇಬ್ಬರಿಗೂ ಒಂದೇ ಸೀರೆ ಹಿಡಿಸುವ ಪೇಚು ಇದ್ದದ್ದೇ. ಯಾರು ಸೀರೆಗೆ, ಯಾರು ಖಣದ ಕುಪ್ಪಸಕ್ಕೆ ಎಂದು ಹೊರಡುವಾಗಲೇ ಮಾತಾಡಿಕೊಳ್ಳಿ. ಅದೇ ತರಹದ ಇನ್ನೊಂದು ಸೀರೆಯನ್ನು ಹೇಳಿ ಮಾಡಿಸುವುದಾದರೆ ಬಟ್ಟೆ, ಚಿತ್ತಾರ, ದಾರದ ಬಣ್ಣ, ಮುಂಗಡ, ಕೊಡುವ ತಿಂಗಳು, ಐದನ್ನೂ ಚೀಟಿಯಲ್ಲಿ ಬರೆಸಿ. ‘ಇದೇ ತರಹ’ ಎಂಬ ಬಾಯಿಮಾತಿನಲ್ಲಿ ಮೊದಲು ತಪ್ಪುವುದು ಬಣ್ಣ.

ಕೊಳ್ಳಲು ಮನಸ್ಸಿಲ್ಲದೆ ಕಲಿಯಲು ಬಂದವರು ಇಂಚಿಗೆ 14 ಕಣ್ಣಿನ ಮ್ಯಾಟಿ ಬಟ್ಟೆ, 24ನೇ ನಂಬರಿನ ಮೊಂಡು ಸೂಜಿ, ಆರೆಳೆಯ ದಾರದ ಒಂದು ಲಡಿ ತೆಗೆದುಕೊಂಡರೆ ಸಾಕು. ಲಡಿಯಲ್ಲಿ 8 ಮೀಟರ್ ಇರುತ್ತದೆ. ಎರಡೆಳೆ ಬಿಡಿಸಿ, 18 ಇಂಚಿಗಿಂತ ಉದ್ದ ಕತ್ತರಿಸಬೇಡಿ, ಉದ್ದವಾದರೆ ಸಿಕ್ಕಾಗುತ್ತದೆ, ನೂಲು ಜೂಲೇಳುತ್ತದೆ. 42 ಹೊಲಿಗೆ ಅಗಲದ ಚಿತ್ತಾರ ಈ ಬಟ್ಟೆಯಲ್ಲಿ ಸರಿಯಾಗಿ 3 ಇಂಚು ಬರುತ್ತದೆ. ಮೊದಲಿಗೆ ಕವಲು ಕಡಿಮೆ ಇರುವ ತುಳಸಿಕಟ್ಟೆಯನ್ನು ಹಿಡಿಯಿರಿ, ತೇರು ಬೇಡ. ಅಲ್ಲಿ ಕೂತು ಹೊಲಿಯುವವರಿದ್ದರೆ ಮರಳುವ ಹೊಲಿಗೆ ಎಲ್ಲಿಂದ ತಿರುಗುತ್ತದೆ ಎಂಬುದೊಂದನ್ನೇ ನೋಡಿ ಬನ್ನಿ.

ಹಣ ಕೊಡುವ ಮುನ್ನ ಮಳಿಗೆಯವರನ್ನು ಕೇಳಿ, ಒದ್ದೆ ಮಾಡಿ ಹಿಂಡಿದ ಕರವಸ್ತ್ರದಿಂದ ಕೆಂಪು ದಾರವನ್ನು ಬೆನ್ನಿನ ಕಡೆ ಒಮ್ಮೆ ಒತ್ತಿ. ಬಣ್ಣ ಹತ್ತಿದರೆ ಆ ಸೀರೆ ಬಿಡಿ, ಬಿಳಿ ಎಳೆ ಪಕ್ಕದಲ್ಲಿದ್ದರಂತೂ ಖಂಡಿತ ಬೇಡ. ಮನೆಗೆ ತಂದ ಹತ್ತಿಯ ಸೀರೆಯನ್ನು ಬೇರೆ ಬಟ್ಟೆಯೊಡನೆ ನೆನೆಹಾಕದೆ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿಗೆ ಹಾಕಿ. ಟವೆಲ್ ಹಾಸಿ ಚಿತ್ತಾರದ ಮುಖ ಕೆಳಗೆ ಮಾಡಿ ಇಸ್ತ್ರಿ ಮಾಡಿ. ನೇರವಾಗಿ ಒತ್ತಿದರೆ ಹೊಲಿಗೆ ಚಪ್ಪಟೆಯಾಗುತ್ತದೆ. ಮಡಿಕೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ, ಗೋಪುರದ ನಟ್ಟನಡುವೆ ಮಡಿಕೆ ಬೀಳದಂತೆ.