ಹಡಗಿಲ್ಲದ ಶನಿವಾರ

2025 ಜೂನ್ 1, ಭಾನುವಾರ
ಗಾಳಿಬೀಡು

ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿದುಬಿಟ್ಟಿತು. ಬೆಳಗ್ಗೆ ಕರೆಂಟ್ ಇಲ್ಲ. ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಚಿಕ್ಕಮ್ಮನ ಮಗನ ಫೋನ್ ಬಂತು. ಅವನು ದೊಡ್ಡದೊಂದು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಇದ್ದಾನೆ. ಈ ಬೇಸಿಗೆಗೆ ಅಮೆರಿಕದ ಅಲಾಸ್ಕಾ ಕಡೆ ಹಾಕಿದ್ದಾರೆ.

"ಅಕ್ಕಾ, ಇಲ್ಲಿನ್ನೂ ಶನಿವಾರ ಸಂಜೆ. ಜೂನೋ ಅಂತ ಊರು. ಥೇಟ್ ಮಡಿಕೇರಿ. ಮಳೆ, ಬೆಟ್ಟ, ಮಂಜು. ಸಮುದ್ರ ಒಂದು ಜಾಸ್ತಿ, ಅಷ್ಟೇ" ಎಂದ.

ಜನಸಂಖ್ಯೆಯೂ ಹೆಚ್ಚುಕಡಿಮೆ ನಮ್ಮಷ್ಟೇ. ಅಲ್ಲಿ 32 ಸಾವಿರ, ಮಡಿಕೇರಿ ಪೇಟೆಗೆ 2011ರ ಜನಗಣತಿಯಲ್ಲಿ 33 ಸಾವಿರ ಚಿಲ್ಲರೆ. ಆದರೆ 2023ರಲ್ಲಿ ಆ ಊರಿಗೆ ಹಡಗಿನಲ್ಲಿ ಬಂದವರೇ 16 ಲಕ್ಷ ದಾಟಿದ್ದರು! ಅದೂ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ. ಬೆಳಗ್ಗೆ ಇಳಿಯುವುದು, ಅಂಗಡಿ ಸುತ್ತುವುದು, ಹಿಮನದಿ ನೋಡುವುದು, ರಾತ್ರಿ ಹಡಗಿಗೆ ವಾಪಸ್.

ಊರಿನವರು ಸುಮ್ಮನೆ ಕೂತಿಲ್ಲ. ದಿನಕ್ಕೆ ಐದೇ ದೊಡ್ಡ ಹಡಗು ಅಂತ ಹಡಗು ಕಂಪನಿಗಳ ಜೊತೆ ಒಪ್ಪಂದ ಆಯಿತು, ಕಳೆದ ವರ್ಷದಿಂದ ಜಾರಿ. ಅದು ಸಾಲದು ಅಂತ ಕೆಲವರು ಅಕ್ಟೋಬರ್‌ನಲ್ಲಿ ಮತಕ್ಕೇ ಹಾಕಿಸಿದರು. ಶನಿವಾರ ದೊಡ್ಡ ಹಡಗು ಬೇಡ, ವಾರಕ್ಕೊಂದು ದಿನ ಊರು ನಮಗೆ ಬಿಡಿ ಅಂತ. ಸೋತರು. (ನಮ್ಮಲ್ಲಿ ಶನಿವಾರಸಂತೆ ಅಂತ ಊರೇ ಇದೆ. ಶನಿವಾರ ಜನ ಬರಬೇಡಿ ಅಂದರೆ ಅದರ ಹೆಸರೇ ಹೋಗುತ್ತೆ.) ಮೊನ್ನೆ 28ಕ್ಕೆ ಪಕ್ಕದ ಸಿಟ್ಕಾ ಅನ್ನುವ ಊರಿನಲ್ಲೂ ಇಂಥದ್ದೇ ಮತದಾನ. ಎಂಟು ಸಾವಿರ ಚಿಲ್ಲರೆ ಜನ ಇರುವ ಊರು. ವರ್ಷಕ್ಕೆ ಮೂರು ಲಕ್ಷ ಪ್ರವಾಸಿಗರು ಸಾಕು ಅನ್ನುವುದು ಬೇಡಿಕೆ. ಅಲ್ಲೂ ಬಿದ್ದುಹೋಯಿತು.

"ನೀನು ಯಾರ ಕಡೆಯೋ?" ಎಂದೆ.

"ನನ್ನ ಸಂಬಳ ಹಡಗಿನದ್ದು ಅಕ್ಕಾ. ಆದರೆ ಪೇಟೆಗೆ ಇಳಿದರೆ ನನಗೂ ನಡೆಯೋಕೆ ಜಾಗ ಇರಲ್ಲ."

ನನ್ನದೂ ಅದೇ ಕತೆ. ನಮ್ಮದು ಎರಡು ರೂಮಿನ ಹೋಮ್‌ಸ್ಟೇ. ಕಾಫಿಗೆ ರೇಟ್ ಇಲ್ಲದ ವರ್ಷಗಳಲ್ಲಿ ಮಗಳ ಫೀಸ್ ಕಟ್ಟಿದ್ದು ಅದೇ ಎರಡು ರೂಮು. ಹಾಗಂತ ಡಿಸೆಂಬರ್‌ನ ಆ ಶನಿವಾರವನ್ನು ಹೇಗೆ ಮರೆಯಲಿ? ಅತ್ತೆಗೆ ಎದೆನೋವು. ಮನೆಯಿಂದ ಮಡಿಕೇರಿ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಅವತ್ತು ಒಂದೂ ಕಾಲು ಗಂಟೆ. ಮುಂದೆ ಹಿಂದೆ ಬೇರೆ ಊರಿನ ಕಾರುಗಳು, ಮಂಜಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದವು. ಗಾಜು ಇಳಿಸಿ ಕೂಗಿದೆ. "ಸಾರಿ ಮೇಡಂ" ಎಂದು ಪಕ್ಕಕ್ಕೆ ಸರಿದ ಹುಡುಗ ನಮ್ಮಲ್ಲೇ ಉಳಿದಿದ್ದವನು! ಬೆಳಗ್ಗೆ ನಾನೇ ಅವನಿಗೆ ಕಡುಬು ಬಡಿಸಿದ್ದೆ. ಅತ್ತೆಗೆ ಏನೂ ಆಗಲಿಲ್ಲ, ಗ್ಯಾಸ್ ಅಂದರು. ಬೈಯುವ ಅಂದರೆ ಯಾರನ್ನ ಬೈಯುವುದು?

ಮಾವನಿಗೆ ಹೋಮ್‌ಸ್ಟೇ ಅಂದರೆ ಮೊದಲಿಂದಲೂ ಆಗದು. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು, ಆಮೇಲೆ ತಿಂಗಳುಗಟ್ಟಲೆ ಯಾರೂ ಈ ಕಡೆ ತಲೆ ಹಾಕದೆ ಇದ್ದಾಗ, "ಯಾರಾದರೂ ಬಂದರೆ ಸಾಕಪ್ಪ" ಎಂದವರೂ ಅವರೇ. ಫ್ಲೋರಿಡಾದ ಕೀ ವೆಸ್ಟ್‌ನಲ್ಲಿ ಇದಕ್ಕೆ ಉಲ್ಟಾ ಆಯಿತು. ಕೊರೊನಾದಲ್ಲಿ ಹಡಗು ನಿಂತಾಗಲೇ, 2020ರ ನವೆಂಬರ್‌ನಲ್ಲಿ, ಊರಿನವರು ವೋಟು ಹಾಕಿ ದೊಡ್ಡ ಹಡಗು ಬೇಡ, ದಿನಕ್ಕೆ 1,500 ಜನ ಇಳಿದರೆ ಸಾಕು ಅಂದರು. ಮರುವರ್ಷವೇ ರಾಜ್ಯದವರು ಕಾನೂನು ಮಾಡಿ ಅದನ್ನು ಅಳಿಸಿಹಾಕಿದರು. ಗ್ರಾಮಸಭೆಯಲ್ಲಿ ಕೈ ಎತ್ತಿದ್ದು ವಿಧಾನಸೌಧದಲ್ಲಿ ಹೋಗುವ ಹಾಗೆ. ಮಾವನಿಗೆ ಇದನ್ನು ಹೇಳಿದಾಗ "ಅಲ್ಲೂ ಹಾಗೇನಾ?" ಎಂದು ಎಷ್ಟು ಖುಷಿಪಟ್ಟರು ಅಂದರೆ, ಇನ್ನೊಂದು ಲೋಟ ಕಾಫಿ ಕೇಳಿದರು.

ಗೆದ್ದವರೂ ಇದ್ದಾರೆ. ಬಾರ್ ಹಾರ್ಬರ್‌ ಅಂತ, ಅಮೆರಿಕದ ಮೇನ್ ರಾಜ್ಯದಲ್ಲಿ ಐದು ಸಾವಿರ ಜನರ ಊರು. ದಿನಕ್ಕೆ ಸಾವಿರ ಜನ ಇಳಿಯಬಹುದು, ಅದಕ್ಕಿಂತ ಹೆಚ್ಚು ಇಳಿದರೆ ತಲೆಗೆ 100 ಡಾಲರ್ ದಂಡ, ಅಂತ 2022ರಲ್ಲಿ ತೀರ್ಮಾನ ಮಾಡಿದರು. ಕೋರ್ಟಿಗೆ ಹೋದವರು ಯಾರು? ಅದೇ ಊರಿನ ವ್ಯಾಪಾರಿಗಳು. ನನಗೆ ಇದು ಆಶ್ಚರ್ಯ ಅಲ್ಲ. ನಮ್ಮ ಪಕ್ಕದ ಮನೆಯ ಭಾವ ಮಾಂದಲಪಟ್ಟಿಗೆ ಜೀಪ್ ಓಡಿಸುತ್ತಾರೆ. ದಿನಕ್ಕೆ ಇಷ್ಟೇ ಜೀಪ್ ಅಂದರೆ ಮೊದಲು ಎದ್ದು ನಿಲ್ಲುವವರು ಅವರೇ. ಕಸದ ಬಗ್ಗೆ ಮೊದಲು ಬೈಯುವವರೂ ಅವರೇ.

ರೊಟ್ಟಿ ತಟ್ಟುತ್ತಾ ನನಗೆ ಹೊಟ್ಟೆಕಿಚ್ಚು ಆದದ್ದು ಬೇರೆಯದಕ್ಕೆ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗಲ್ಲಿ ಬರಬೇಕು, ಇಲ್ಲ ವಿಮಾನದಲ್ಲಿ. ಯಾವ ಹಡಗು, ಯಾವ ದಿನ, ಎಷ್ಟು ಜನ ಅಂತ ಮುಂಚೆಯೇ ಲೆಕ್ಕ. ಮುಂದಿನ ವರ್ಷದಿಂದ ದಿನಕ್ಕೆ 16 ಸಾವಿರ, ಶನಿವಾರ 12 ಸಾವಿರ ಅಂತ ಹಡಗಿನವರ ಜೊತೆ ಕೂತು ಮಾತಾಡಿ ಆಗಿದೆ. ಜಗಳ ಆಡಲಿಕ್ಕಾದರೂ ಒಂದು ಸಂಖ್ಯೆ ಇದೆ. ನಮಗೆ ರೈಲಿಲ್ಲ, ವಿಮಾನ ಇಲ್ಲ, ಎಲ್ಲ ರಸ್ತೆಯೇ. ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ಕೊಡ್ಲಿಪೇಟೆ. ಎಲ್ಲಿ ನಿಂತು ಎಣಿಸುವುದು? ಊಟಿಗೆ ಮದ್ರಾಸ್ ಹೈಕೋರ್ಟ್ ಹೇಳಿ ಇ-ಪಾಸ್ ತಂದರು, ಈ ಬೇಸಿಗೆಯಲ್ಲಿ ವಾರದ ದಿನ 6,000 ಗಾಡಿ, ವಾರಾಂತ್ಯ 8,000 ಅಂತಲೂ ಮಿತಿ ಹಾಕಿದರು. ಅಲ್ಲೂ ಹೋಟೆಲಿನವರ ವಿರೋಧ ಇದೆ. ಇರಲಿ. ಮೊದಲು ಎಣಿಸಲಿ, ಆಮೇಲೆ ಜಗಳ ಆಡೋಣ ಅಂತ ನನಗೆ.

ತಮ್ಮನಿಗೆ ಡ್ಯೂಟಿ ಟೈಮ್ ಆಯಿತು. ರಾತ್ರಿಯೂಟಕ್ಕೆ ಸಾವಿರಾರು ತಟ್ಟೆಯಂತೆ. "ಅಕ್ಕಾ, ನಿನ್ನ ರೊಟ್ಟಿ ಎರಡು ಇದ್ದಿದ್ರೆ" ಎಂದು ಫೋನ್ ಇಟ್ಟ.

ಹನ್ನೊಂದು ಗಂಟೆಗೆ ಕರೆಂಟ್ ಬಂತು, ಹಿಂದೆಯೇ ಬೆಂಗಳೂರಿನಿಂದ ಫೋನ್. ಮುಂದಿನ ಶನಿವಾರಕ್ಕೆ ರೂಮ್ ಇದೆಯಾ, ಮಳೆ ನೋಡಬೇಕು ಅಂದರು. ಎಷ್ಟು ಜನ ಎಂದೆ. ಒಂಬತ್ತು. ನಮ್ಮಲ್ಲಿ ಆರಕ್ಕೆ ಮಾತ್ರ ಜಾಗ ಎಂದೆ.

"ಅಡ್ಜಸ್ಟ್ ಮಾಡ್ಕೋತೀವಿ ಮೇಡಂ, ಎಕ್ಸ್‌ಟ್ರಾ ಕೊಡ್ತೀವಿ."

ಜಗಲಿಯಲ್ಲಿ ಕೂತಿದ್ದ ಮಾವ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು. ಸಂಜೆ ಹೇಳ್ತೀನಿ ಎಂದು ಫೋನ್ ಇಟ್ಟೆ.