ಕೀಮೋ ಆದ ಹತ್ತನೆಯ ದಿನ

ಕೀಮೋ ಹಾಕಿಸಿಕೊಂಡು ಬಂದ ರಾತ್ರಿ ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ನಿಜಕ್ಕೂ ಎಚ್ಚರವಾಗಿರಬೇಕಾದ ರಾತ್ರಿಗಳು ಬರುವುದು ಅದಾಗಿ ಒಂದು ವಾರದ ಮೇಲೆ.

ಸ್ತನ ಕ್ಯಾನ್ಸರಿಗೆ 21 ದಿನಕ್ಕೊಮ್ಮೆ ಕೊಡುವ ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್ ಜೋಡಿಯನ್ನೇ ನೋಡಿ. ಮೊದಲ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ. ಅದು ಡಾಕ್ಸೊರುಬಿಸಿನ್ನಿನ ಬಣ್ಣ. ಎರಡು ದಿನ ದಾಟಿದರೂ ಹಾಗೇ ಇದ್ದರೆ, ಉರಿ ಇದ್ದರೆ, ವೈದ್ಯರಿಗೆ ಹೇಳಬೇಕು. ವಾಂತಿ ಸಾಮಾನ್ಯವಾಗಿ ಐದನೆಯ ದಿನದ ಹೊತ್ತಿಗೆ ತಗ್ಗುತ್ತದೆ. ಏಳನೆಯ ದಿನ ಗಂಜಿ ಬಿಟ್ಟು ಅನ್ನ ಸಾರು ಕೇಳುತ್ತಾರೆ, ನೆಂಟರು ನೋಡಲು ಬರುತ್ತಾರೆ. ಅದೇ ಹೊತ್ತಿಗೆ ಒಳಗೆ ಬಿಳಿರಕ್ತಕಣಗಳು ಇಳಿಯುತ್ತಿರುತ್ತವೆ. ಮದ್ದು ಹೊಡೆಯುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತಿರುವ ಕಣಗಳನ್ನು. ಆಗಲೇ ಬಲಿತ, ಸೋಂಕಿನೊಡನೆ ಹೋರಾಡುವ ಬಿಳಿಕಣಗಳಾದ ನ್ಯೂಟ್ರೋಫಿಲ್‌ಗಳ ದಾಸ್ತಾನು ಕೆಲವು ದಿನ ನಡೆಸುತ್ತದೆ. ಅದೂ ಖಾಲಿಯಾಗಿ ಲೆಕ್ಕ ತಳ ಮುಟ್ಟುವುದು ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ.

ಈ ದಿನಗಳಲ್ಲಿ ಹಣೆ ಮುಟ್ಟಿ ನೋಡಿದರೆ ಸಾಲದು. ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯಡಿ ಇಡಬೇಕು, ಬಿಸಿ ಕಾಫಿ ಕುಡಿದಿದ್ದರೆ ಹದಿನೈದು ನಿಮಿಷ ಬಿಟ್ಟು. ಕಂಕುಳಲ್ಲಿ ಇಟ್ಟರೆ ಅಂಕಿ ಕಡಿಮೆ ತೋರಿಸುತ್ತದೆ. 100.4 ಡಿಗ್ರಿ ಮುಟ್ಟಿತೆಂದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಮೈ ನಡುಗುವಷ್ಟು ಚಳಿ ಬಂದರೆ ಅಂಕಿಗೂ ಕಾಯಬಾರದು. ಕೆಮ್ಮಿಲ್ಲ, ಗಾಯದಲ್ಲಿ ಕೀವಿಲ್ಲ ಎಂದು ಸಮಾಧಾನಪಡುವವರಿದ್ದಾರೆ. ಕೀವು ಕಟ್ಟುವುದೇ ನ್ಯೂಟ್ರೋಫಿಲ್‌ಗಳಿಂದ. ಅವೇ ಇಲ್ಲದಾಗ ಸೋಂಕಿಗೆ ಜ್ವರವೊಂದೇ ಗುರುತಾಗಿ ಉಳಿಯಬಹುದು.

ಆ ಒಂದು ಗುರುತನ್ನೂ ಅಳಿಸಿಬಿಡುವುದು ಮನೆಯಲ್ಲಿರುವ ಡೋಲೋ, ಅಂದರೆ ಪ್ಯಾರಾಸಿಟಮಾಲ್. 'ಒಂದು ಮಾತ್ರೆ ನುಂಗಿ ಮಲಗು, ಬೆಳಿಗ್ಗೆ ನೋಡೋಣ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ರಕ್ತದೊತ್ತಡ ಕುಸಿದಿರಬಹುದು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಆಸ್ಪತ್ರೆಯಲ್ಲಿ ಬಾಯಿಂದ ಬರಬೇಕಾದ ಮೊದಲ ಮಾತು 'ಕೀಮೋ ಆಗಿ ಹತ್ತು ದಿನ, ಜ್ವರ ಬಂದಿದೆ' ಎಂಬುದು. ತುರ್ತು ವಿಭಾಗಕ್ಕೇ ಹೋಗಬೇಕು, ಹೊರರೋಗಿಗಳ ಸಾಲಿಗಲ್ಲ. ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ನರಕ್ಕೆ ಹೋಗಬೇಕು. ರಕ್ತಪರೀಕ್ಷೆಯ ಚೀಟಿಯನ್ನು ಮನೆಯವರೂ ಓದಬಹುದು: ಒಟ್ಟು ಬಿಳಿಕಣ 1,200, ನ್ಯೂಟ್ರೋಫಿಲ್ ಶೇಕಡಾ 30 ಎಂದಿದ್ದರೆ, ಗುಣಿಸಿದಾಗ 360. 500ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿ ರಾಯಚೂರಿಗೋ ಬಳ್ಳಾರಿಗೋ ಬಸ್ಸು ಹತ್ತುವವರಿಗೆ ಈ ಒಂದು ಗಂಟೆ ಬಹಳ ಕಷ್ಟದ್ದು. ಅದಕ್ಕೇ ಹತ್ತಿರದಲ್ಲಿ ರಾತ್ರಿಯೂ ರಕ್ತಪರೀಕ್ಷೆ ಮಾಡಿ ಡ್ರಿಪ್ ಹಾಕುವ ಆಸ್ಪತ್ರೆ ಯಾವುದೆಂದು ಮೊದಲ ವಾರದಲ್ಲೇ ವಿಚಾರಿಸಿಟ್ಟುಕೊಳ್ಳಬೇಕು. ಡಿಸ್ಚಾರ್ಜ್ ಚೀಟಿ, ಮದ್ದಿನ ಹೆಸರು, ಕೀಮೋ ಕೊಟ್ಟ ತಾರೀಖು ಒಂದೇ ಫೈಲಿನಲ್ಲಿರಲಿ.

ಸೋಂಕು ಎಷ್ಟೋ ಸಲ ಹೊರಗಿನಿಂದ ಬರುವುದಿಲ್ಲ, ರೋಗಿಯ ಬಾಯಿ, ಕರುಳಿನಿಂದಲೇ ರಕ್ತಕ್ಕೆ ದಾಟುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಮಚೆ ಉಪ್ಪು, ಒಂದು ಚಮಚೆ ಅಡುಗೆ ಸೋಡ (ಟೀ ಚಮಚೆ) ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಬೇಕು, ನುಂಗಬಾರದು, ಮರುದಿನ ಹೊಸದಾಗಿ ಮಾಡಿಕೊಳ್ಳಬೇಕು. ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಮಲ ಗಟ್ಟಿ ಮಾಡುತ್ತದೆ. ತಿಣುಕಿದರೆ ಗುದದ ಒಳಪೊರೆ ಹರಿಯುತ್ತದೆ. ಮೂರು ದಿನ ಹೋಗದಿದ್ದರೆ ಸಿರಪ್ಪು ಕೇಳಿ ತೆಗೆದುಕೊಳ್ಳಿ. ಎನಿಮಾ ಮಾತ್ರ ಬೇಡ. ಊಟ ಬಿಸಿಯಾಗಿರಲಿ, ಹಸಿ ಕೋಸಂಬರಿ, ಬೀದಿಬದಿಯಲ್ಲಿ ಹೆಚ್ಚಿಟ್ಟ ಹಣ್ಣು ಈ ವಾರಕ್ಕೆ ಬೇಡ.

ಬಿಳಿಕಣ ಹೆಚ್ಚಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ, ಅದನ್ನು ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಚುಚ್ಚಿಸಬೇಕು. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಮಜ್ಜೆ ಕೆಲಸ ಶುರುಮಾಡಿದಾಗ ಸೊಂಟ, ಬೆನ್ನಿನ ಮೂಳೆ ಒಳಗಿನಿಂದ ಬಡಿದಂತೆ ನೋಯುತ್ತದೆ. ಆ ನೋವಿಗೂ ಪ್ಯಾರಾಸಿಟಮಾಲನ್ನೇ ಬರೆದಿರಬಹುದು. ಹಾಗಾಗಿ ಪ್ರತಿ ಸಲ ನುಂಗುವ ಮೊದಲು ಜ್ವರ ನೋಡಿ, ಅಂಕಿಯನ್ನೂ ಗಂಟೆಯನ್ನೂ ಫೈಲಿನ ಹಿಂಬದಿಯಲ್ಲಿ ಬರೆದಿಡಿ.