ಬೆಲ್ಲಿಯ ಲಸಿಕೆ ಡೈರಿ: ಎರಡು ಸೂಜಿ ಆಯ್ತು, ಇನ್ನೊಂದು ಬಾಕಿ

ಬೆಲ್ಲಿ ಅಂದರೆ ನಮ್ಮ ಬೀದಿಯ ಮೋರಿ ಪಕ್ಕ ಸಿಕ್ಕ ಕಂದು ನಾಯಿಮರಿ. ಹಲ್ಲು ನೋಡಿ ಡಾಕ್ಟರು "ಏಳು ವಾರ ಇರಬಹುದು" ಅಂದರು.

7ನೇ ವಾರ
ಸೂಜಿನೇ ಚುಚ್ಚಲಿಲ್ಲ. ತೂಕ ನೋಡಿ, ಜಂತುಹುಳದ ಔಷಧಿ ಕೊಟ್ಟು ಕಳಿಸಿದರು. ಹುಳ ತುಂಬಿ ಸೊರಗಿದ ಮರಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲವಂತೆ. ಮರುದಿನ ಶ್ಯಾವಿಗೆ ಥರ ಬಿದ್ದವು. ವಿವರ ಬೇಡ ಬಿಡಿ.

8ನೇ ವಾರ
ಮೊದಲ ಸೂಜಿ. ಒಂದು ಪುಟ್ಟ ಸೀಸೆಯಲ್ಲಿ ಪುಡಿ, ಇನ್ನೊಂದರಲ್ಲಿ ನೀರಿನಂಥದ್ದು. ಪುಡಿ ಕರಗಿಸೋಕೆ ಸುಮ್ನೆ ನೀರು ಅಂದುಕೊಂಡಿದ್ದೆ, ಆದರೆ ಇಲಿಜ್ವರದ ಲಸಿಕೆಯೇ ಅದು. ಪುಡಿಯಲ್ಲಿ ನಾಲ್ಕು ರೋಗಗಳ ಲಸಿಕೆ: ವಾಂತಿ-ಭೇದಿ ತರುವ ಪಾರ್ವೊ, ಜ್ವರದಿಂದ ಶುರುವಾಗಿ ನರಕ್ಕೂ ಹೋಗಬಲ್ಲ ಡಿಸ್ಟೆಂಪರ್, ಲಿವರ್‌ಗೆ ಬರುವ ಹೆಪಟೈಟಿಸ್, ಕೆಮ್ಮು ತರುವ ಪ್ಯಾರಾಇನ್‌ಫ್ಲುಯೆಂಜಾ. ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಚುಚ್ಚಿದರು. ಬೆಲ್ಲಿ ಬಿಸ್ಕತ್ತು ನೆಕ್ಕುತ್ತಾ ಇದ್ದಳು, ಕಣ್ಣು ಮುಚ್ಚಿಕೊಂಡಿದ್ದು ನಾನು. ಸೀಸೆ ಮೇಲಿನ ಸ್ಟಿಕ್ಕರ್ ಕಿತ್ತು ಬೆಲ್ಲಿಯ ಲಸಿಕೆ ಬುಕ್ಕಿಗೆ ಅಂಟಿಸಿದರು.

ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿದರು. ಅಲರ್ಜಿ ಆಗುವುದು ಅಪರೂಪ. ಆದರೆ ಮುಖ ಊದಿದರೆ, ಮೈಮೇಲೆ ದದ್ದು ಎದ್ದರೆ, ಒಂದೇ ಸಮ ವಾಂತಿ ಮಾಡಿದರೆ, ಉಸಿರಿಗೆ ಕಷ್ಟಪಟ್ಟರೆ ಕಾಯಬಾರದು, ತಕ್ಷಣ ತೋರಿಸಬೇಕು. ಅದಕ್ಕೇ ಬೆಳಿಗ್ಗೆ ಹೋಗುವುದು ಒಳ್ಳೆಯದು, ಕ್ಲಿನಿಕ್ ಮುಚ್ಚುವ ಹೊತ್ತಿಗೆ ಹಾಕಿಸಿಕೊಂಡು ಬಂದರೆ ರಾತ್ರಿ ಏನಾದರೂ ಆದಾಗ ಎಲ್ಲಿಗೆ ಓಡುತ್ತೀರಿ?

ಮನೆಗೆ ಬಂದು ಬಿದ್ದುಕೊಂಡಳು. ಮೈ ಸ್ವಲ್ಪ ಬಿಸಿ, ಮೊಸರನ್ನ ಅರ್ಧಕ್ಕೇ ಬಿಟ್ಟಳು. ನಾನು ಗಂಟೆಗೊಮ್ಮೆ ಎದ್ದು ಉಸಿರಾಡ್ತಿದ್ದಾಳಾ ಅಂತ ನೋಡಿದೆ. ಮರುದಿನ ಸಂಜೆ ಅಪ್ಪನ ಚಪ್ಪಲಿ ಮಾಯ, ಅಂದರೆ ಹುಷಾರಾದಳು. ಚುಚ್ಚಿದ ಜಾಗದಲ್ಲಿ ಅಲಸಂದೆ ಕಾಳಿನಷ್ಟು ಗಂಟು ಇತ್ತು, ತಾನೇ ಕರಗಿತು.

9ರಿಂದ 11ನೇ ವಾರ
ನಿಜವಾದ ಕಷ್ಟ ಇದು. ಒಂದು ಸೂಜಿ ಆಯ್ತು, ಇನ್ನು ಬೀದಿಗೆ ಬಿಡಬಹುದು ಅಂದುಕೊಂಡಿದ್ದೆ. ಡಾಕ್ಟರು ಬೇಡ ಅಂದರು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯನ್ನೂ ರೋಗ ಅಂತಲೇ ತಿಳಿದು ಹೊಡೆದುಹಾಕುತ್ತದೆ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ, ಹಾಗಾಗಿ 16 ವಾರ ಆಗುವವರೆಗೆ ಮತ್ತೆ ಮತ್ತೆ ಹಾಕುತ್ತಾರೆ. ಮೊದಲನೆಯದು ದುರ್ಬಲ ಅಂತಲ್ಲ, ಹತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅಷ್ಟೇ. ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡೂ ಬರುತ್ತದೆ. ಈಗ ಎಲ್ಲರ ಚಪ್ಪಲಿ ಗೇಟಿನ ಹತ್ತಿರ, ಜಗಲಿಗೆ ಬ್ಲೀಚಿಂಗ್ ಪೌಡರ್ ನೀರು.

ಹಾಗಂತ ಮೂಲೆಯಲ್ಲಿ ಕಟ್ಟಿಹಾಕಿದರೆ ದೊಡ್ಡವಳಾದ ಮೇಲೆ ಎಲ್ಲದಕ್ಕೂ ಹೆದರುತ್ತಾಳೆ. ಅದಕ್ಕೆ ಬಟ್ಟೆ ಚೀಲದಲ್ಲಿ ಕೂರಿಸಿಕೊಂಡು ಸ್ಕೂಟರು, ತರಕಾರಿ ಗಾಡಿ, ಶಾಲೆ ಮಕ್ಕಳು ಎಲ್ಲ ತೋರಿಸಿದೆ. ಪಕ್ಕದ ಮನೆ ಹುಡುಗ ದಿನಾ ಕೇಳ್ತಾನೆ, "ಆಂಟಿ, ಬೆಲ್ಲಿಗೆ ಕಾಲು ನೋವಾ?"

12ನೇ ವಾರ, ಇವತ್ತು
ಎರಡನೇ ಸೂಜಿ, ಜೊತೆಗೆ ರೇಬಿಸ್. ಈ ಸಲ ಕುಯ್ ಅಂದಳು. ರೇಬಿಸ್ ವರ್ಷಕ್ಕೊಮ್ಮೆ ಹಾಕಿಸಬೇಕು ಅಂತ ಬರೆದುಕೊಟ್ಟಿದ್ದಾರೆ. ಮುಂದಿನದು 16ನೇ ವಾರಕ್ಕೆ. ಬುಕ್ಕನ್ನು ಬೀರು ಮೇಲೆ ಇಟ್ಟಿದ್ದೇನೆ, ರಟ್ಟು ಆಗಲೇ ಅವಳ ಹೊಟ್ಟೆ ಸೇರಿದೆ, ಸ್ಟಿಕ್ಕರ್ ಪುಟ ಉಳಿದಿದೆ.